ಒಂದೇ ದತ್ತಾಂಶ, ಹಲವು ಪುಟಗಳು: ವ್ಯಾಪಾರಿಗಳಿಗಾಗಿ ಎಕ್ಸ್‌ಎಂಎಲ್ ಮತ್ತು ಎಕ್ಸ್‌ಎಸ್‌ಎಲ್‌ಟಿ

ವ್ಯಾಪಾರ ಸಂಸ್ಥೆಯೊಂದರಲ್ಲಿ ಒಂದೇ ಮಾಹಿತಿಯು ಅನೇಕ ಕಡೆ ಬರೆಯಲ್ಪಟ್ಟಿರುತ್ತದೆ. ಸರಕಿನ ಹೆಸರು, ದರ ಹಾಗೂ ತೆರಿಗೆಯ ಪ್ರಮಾಣಗಳು ಲೆಕ್ಕದ ತಂತ್ರಾಂಶದಲ್ಲಿ ಒಮ್ಮೆ, ಮುದ್ರಿತ ದರಪಟ್ಟಿಯಲ್ಲಿ ಇನ್ನೊಮ್ಮೆ, ಸಂಸ್ಥೆಯ ಜಾಲತಾಣದಲ್ಲಿ ಮತ್ತೊಮ್ಮೆ, ವಿತರಕರಿಗೆ ಕಳುಹಿಸುವ ಪತ್ರದಲ್ಲಿ ಮಗದೊಮ್ಮೆ ದಾಖಲಾಗುತ್ತವೆ. ದರ ಬದಲಾದ ದಿನ ಈ ನಾಲ್ಕೂ ಒಟ್ಟಿಗೆ ಬದಲಾಗುವುದು ಅಪರೂಪ. 2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆಯ ಶೇ. 12ರ ಹಂತವು ಬಹುಮಟ್ಟಿಗೆ ರದ್ದಾಯಿತು. ಎಚ್‌ಎಸ್‌ಎನ್ 8432ರ ಅಡಿಯಲ್ಲಿ ಬರುವ ಉಳುಮೆ ಹಾಗೂ ಬಿತ್ತನೆಯ ಯಂತ್ರೋಪಕರಣಗಳ ತೆರಿಗೆಯು ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಅಂದು ಲೆಕ್ಕದ ತಂತ್ರಾಂಶವನ್ನು ಸರಿಪಡಿಸಿ ಜಾಲತಾಣವನ್ನು ಮರೆತ ತಯಾರಕನ ಪುಟವು ಹಳೆಯ ತೆರಿಗೆ ಸೇರಿದ ಬೆಲೆಯನ್ನೇ ತೋರಿಸುತ್ತ, ಬಂದ ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳುಹಿಸುತ್ತಿತ್ತು.

ಮಾಹಿತಿಯನ್ನು ಒಂದೇ ಕಡೆ ಇಟ್ಟು, ಬೇಕಾದ ರೂಪಗಳನ್ನೆಲ್ಲ ಅದರಿಂದಲೇ ಹುಟ್ಟಿಸುವ ಉಪಾಯವೊಂದು ಗಣಕ ಪ್ರಪಂಚದಲ್ಲಿ ಕಾಲು ಶತಮಾನದಿಂದ ಬಳಕೆಯಲ್ಲಿದೆ. ಮಾಹಿತಿಯನ್ನು ಎಕ್ಸ್‌ಎಂಎಲ್ ಎಂಬ ರೂಪದಲ್ಲಿಡುವುದು, ಅದನ್ನು ಎಕ್ಸ್‌ಎಸ್‌ಎಲ್‌ಟಿ ಎಂಬ ಸ್ಟೈಲ್‌ಶೀಟಿನ ಮೂಲಕ ಜಾಲಪುಟವಾಗಿ ಪರಿವರ್ತಿಸುವುದು ಆ ಉಪಾಯ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಕ್ಸ್‌ಎಂಎಲ್‌ನ ಮೊದಲ ಆವೃತ್ತಿಗೆ 1998ರ ಫೆಬ್ರವರಿಯಲ್ಲಿಯೂ, ಎಕ್ಸ್‌ಎಸ್‌ಎಲ್‌ಟಿಯ ಮೊದಲ ಆವೃತ್ತಿಗೆ 1999ರ ನವೆಂಬರ್‌ನಲ್ಲಿಯೂ ಮನ್ನಣೆ ನೀಡಿತು. ಅನಂತರ 2007ರಲ್ಲಿ ಎರಡನೆಯ, 2017ರಲ್ಲಿ ಮೂರನೆಯ ಆವೃತ್ತಿಗಳು ಬಂದವು.

ದತ್ತಾಂಶದ ಕಡತ

ಎಕ್ಸ್‌ಎಂಎಲ್ ಕಡತವು ಬರಿಯ ಅಕ್ಷರಗಳ ಕಡತ. ಪ್ರತಿಯೊಂದು ಮಾಹಿತಿಯ ಹಿಂದೆ ಮುಂದೆ ಅದರ ಹೆಸರನ್ನು ಕೋನಾವರಣದಲ್ಲಿ ಬರೆಯಲಾಗುತ್ತದೆ. ಈ ಹೆಸರುಗಳು ಇಂಗ್ಲಿಷಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಮೊದಲ ಆವೃತ್ತಿಯಿಂದಲೂ ಕನ್ನಡದ ಹೆಸರುಗಳಿಗೆ ಅವಕಾಶವಿದೆ. ಗದಗ ಜಿಲ್ಲೆಯ ಕೃಷಿ ಉಪಕರಣ ತಯಾರಕನೊಬ್ಬನು ಒಂದು ಬಿತ್ತನೆ ಕೂರಿಗೆಯನ್ನು ಮಾರಿದ ಬಿಲ್ಲು ಹೀಗಿರುತ್ತದೆ ಎಂದಿಟ್ಟುಕೊಳ್ಳಬಹುದು:

<ಬಿಲ್ಲುಗಳು>
  <ಬಿಲ್ಲು ಸಂಖ್ಯೆ="118" ದಿನಾಂಕ="2025-08-10">
    <ಗ್ರಾಹಕ ಸಂಕೇತ="ಗ27"/>
    <ಸರಕು ಶೀರ್ಷಿಕೆ="8432">
      <ಹೆಸರು>ಬಿತ್ತನೆ ಕೂರಿಗೆ</ಹೆಸರು>
      <ನಗ>1</ನಗ>
      <ದರ>62000</ದರ>
      <ಮೊತ್ತ>62000</ಮೊತ್ತ>
      <ತೆರಿಗೆಪ್ರಮಾಣ>12</ತೆರಿಗೆಪ್ರಮಾಣ>
    </ಸರಕು>
  </ಬಿಲ್ಲು>
</ಬಿಲ್ಲುಗಳು>

ಇದರಲ್ಲಿ ಬಣ್ಣವಿಲ್ಲ, ಅಕ್ಷರದ ಗಾತ್ರವಿಲ್ಲ, ಕೋಷ್ಟಕದ ಗೆರೆಗಳಿಲ್ಲ. ಯಾವುದು ಏನು ಎಂಬುದಷ್ಟೇ ಇದೆ. ತೆರೆದ ಪ್ರತಿಯೊಂದು ಹೆಸರನ್ನೂ ಮುಚ್ಚಲೇಬೇಕು. ಒಳಗೆ ತೆರೆದದ್ದು ಒಳಗೇ ಮುಚ್ಚಬೇಕು. ಒಂದು ಕಡೆ ತಪ್ಪಿದರೂ ಓದುವ ತಂತ್ರಾಂಶವು ಅಲ್ಲಿಗೇ ನಿಲ್ಲಬೇಕೆಂದು ನಿಯಮವೇ ಹೇಳುತ್ತದೆ. ಹೆಚ್ಚಿನ ಬಳಕೆದಾರರಿಗೆ ಇದು ಕಿರಿಕಿರಿ. ಆದರೆ ತಾಳೆಪಟ್ಟಿ ತಾಳೆಯಾಗದಿದ್ದಾಗ ‘ಅನಾಮತ್ತು’ ಎಂದು ಬರೆದು ಮುಂದೆ ಸಾಗುವ ಗುಮಾಸ್ತನಿಗಿಂತ, ಲೇಖನಿ ಕೆಳಗಿಟ್ಟು ತಪ್ಪು ಹುಡುಕುವ ಗುಮಾಸ್ತನೇ ಮೇಲು.

ವ್ಯಾಪಾರದ ಕಡತಗಳಲ್ಲಿ ಇಂಥ ತಪ್ಪು ಹೆಚ್ಚಾಗಿ ಹುಟ್ಟುವುದು ಸಂಸ್ಥೆಗಳ ಹೆಸರಿನಿಂದ. ‘ಮತ್ತು ಮಕ್ಕಳು’, ‘ಮತ್ತು ಕಂಪನಿ’ ಎಂಬರ್ಥದಲ್ಲಿ ಬಳಸುವ & ಚಿಹ್ನೆಗೆ ಎಕ್ಸ್‌ಎಂಎಲ್‌ನಲ್ಲಿ ಬೇರೆಯೇ ಕೆಲಸವಿದೆ. ಅದನ್ನು ಹಾಗೆಯೇ ಬರೆದರೆ ಕಡತ ಕೆಡುತ್ತದೆ. ಚಿಹ್ನೆಯ ಮುಂದೆ ಎ, ಎಂ, ಪಿ ಎಂಬ ಮೂರು ರೋಮನ್ ಅಕ್ಷರಗಳನ್ನೂ ಅರ್ಧವಿರಾಮವನ್ನೂ ಸೇರಿಸಬೇಕು. ಲೆಕ್ಕದ ತಂತ್ರಾಂಶಗಳು ಇದನ್ನು ತಾವೇ ಮಾಡುತ್ತವೆ. ಕೈಯಿಂದ ತಿದ್ದುವವರು ನೆನಪಿಡಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಎರಡು ಎಚ್ಚರಿಕೆಗಳು ಅಗತ್ಯ. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಗ್ರಾಹಕರ ಪಟ್ಟಿಯು ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ರೋಮನ್ ಸಂಕೇತಗಳ ರಾಶಿಯಾಗಿರುತ್ತದೆ; ಅದನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಬಳಸಬೇಕು. ಇನ್ನು ‘ಎಚ್‌ಎಸ್‌ಎನ್’ ಎಂಬಂಥ ಪದಗಳಲ್ಲಿ ಒತ್ತಕ್ಷರ ಮೂಡದಂತೆ ತಡೆಯಲು ಕಣ್ಣಿಗೆ ಕಾಣದ ಚಿಹ್ನೆಯೊಂದು ಸೇರಿರುತ್ತದೆ. ಕೋನಾವರಣದೊಳಗಿನ ಹೆಸರಿನಲ್ಲಿ ಅದು ಒಮ್ಮೆ ಇದ್ದು ಒಮ್ಮೆ ಇಲ್ಲದಿದ್ದರೆ ಗಣಕಕ್ಕೆ ಅವು ಎರಡು ಬೇರೆ ಹೆಸರುಗಳು. ಮೇಲಿನ ಮಾದರಿಯಲ್ಲಿ ಎಚ್‌ಎಸ್‌ಎನ್ ಎಂದು ಬರೆಯದೆ ‘ಶೀರ್ಷಿಕೆ’ ಎಂದು ಬರೆದಿರುವುದು ಇದೇ ಕಾರಣದಿಂದ.

ಸ್ಟೈಲ್‌ಶೀಟಿನ ಕಾರ್ಯವಿಧಾನ

ಸ್ಟೈಲ್‌ಶೀಟ್ ಸಹ ಒಂದು ಎಕ್ಸ್‌ಎಂಎಲ್ ಕಡತವೇ. ಅದರಲ್ಲಿ ಟೆಂಪ್ಲೇಟುಗಳು, ಅಂದರೆ ಅಚ್ಚುಗಳು, ಇರುತ್ತವೆ. ‘ಸರಕು ಎಂಬುದು ಎದುರಾದಾಗ ಕೋಷ್ಟಕದ ಒಂದು ಸಾಲು ಬರೆ, ಅದರ ಮೊದಲ ಮನೆಯಲ್ಲಿ ಹೆಸರನ್ನೂ, ಎರಡನೆಯದರಲ್ಲಿ ಮೊತ್ತವನ್ನೂ ಇಡು’ ಎಂಬಂಥ ಸೂಚನೆಯೇ ಅಚ್ಚು. ಉಚ್ಚಾರಣೆಯ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟರೆ ಅದರ ಆಕಾರ ಹೀಗೆ (ಗಣಕದಲ್ಲಿ ಆಜ್ಞೆಗಳನ್ನೂ ಜಾಲಪುಟದ ಗುರುತುಗಳನ್ನೂ ರೋಮನ್ ಅಕ್ಷರಗಳಲ್ಲಿಯೇ ಬರೆಯಬೇಕು, ದತ್ತಾಂಶದ ಹೆಸರುಗಳು ಮಾತ್ರ ಕನ್ನಡದಲ್ಲಿ ಉಳಿಯಬಹುದು):

<ಎಕ್ಸ್‌ಎಸ್‌ಎಲ್:ಟೆಂಪ್ಲೇಟ್ ಮ್ಯಾಚ್="ಸರಕು">
  <ಟಿಆರ್>
    <ಟಿಡಿ><ಎಕ್ಸ್‌ಎಸ್‌ಎಲ್:ವ್ಯಾಲ್ಯೂ-ಆಫ್ ಸೆಲೆಕ್ಟ್="ಹೆಸರು"/></ಟಿಡಿ>
    <ಟಿಡಿ><ಎಕ್ಸ್‌ಎಸ್‌ಎಲ್:ವ್ಯಾಲ್ಯೂ-ಆಫ್ ಸೆಲೆಕ್ಟ್="ಮೊತ್ತ"/></ಟಿಡಿ>
    <ಟಿಡಿ><ಎಕ್ಸ್‌ಎಸ್‌ಎಲ್:ವ್ಯಾಲ್ಯೂ-ಆಫ್ ಸೆಲೆಕ್ಟ್="ಮೊತ್ತ * ತೆರಿಗೆಪ್ರಮಾಣ div 100"/></ಟಿಡಿ>
  </ಟಿಆರ್>
</ಎಕ್ಸ್‌ಎಸ್‌ಎಲ್:ಟೆಂಪ್ಲೇಟ್>

ಭಾಗಾಕಾರಕ್ಕೆ ಓರೆಗೆರೆಯನ್ನು ಬಳಸದೆ ‘ಡಿವ್’ ಎಂಬ ಪದವನ್ನು ಬಳಸಿರುವುದನ್ನು ಗಮನಿಸಬೇಕು. ಓರೆಗೆರೆಗೆ ಇಲ್ಲಿ ವಿಳಾಸದ ಕೆಲಸವಿದೆ: ‘ಬಿಲ್ಲು/ಸರಕು/ಮೊತ್ತ’ ಎಂದರೆ ಬಿಲ್ಲಿನೊಳಗಿನ ಸರಕಿನೊಳಗಿನ ಮೊತ್ತ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಬರೆದಂತೆ. ಚೌಕಾವರಣದಲ್ಲಿ ಷರತ್ತನ್ನು ಸೇರಿಸಬಹುದು: ‘ಸರಕು[ತೆರಿಗೆಪ್ರಮಾಣ = 12]’ ಎಂದರೆ ಶೇ. 12ರ ಸರಕುಗಳು ಮಾತ್ರ.

ಪರಿವರ್ತನೆಯ ತಂತ್ರಾಂಶವು ದತ್ತಾಂಶವನ್ನು ಓದುತ್ತದೆಯೇ ಹೊರತು ತಿದ್ದುವುದಿಲ್ಲ. ಒಂದೇ ಕಡತಕ್ಕೆ ಒಂದು ಸ್ಟೈಲ್‌ಶೀಟ್ ಹಚ್ಚಿದರೆ ಗ್ರಾಹಕನ ಬಿಲ್ಲಿನ ಪುಟವೂ, ಇನ್ನೊಂದನ್ನು ಹಚ್ಚಿದರೆ ತಿಂಗಳ ಮಾರಾಟದ ಪಟ್ಟಿಯೂ, ಮತ್ತೊಂದನ್ನು ಹಚ್ಚಿದರೆ ಎಕ್ಸೆಲ್‌ಗೆ ಒಯ್ಯಬಹುದಾದ ಅಲ್ಪವಿರಾಮಗಳ ಕಡತವೂ ದೊರೆಯುತ್ತವೆ.

ತೆರಿಗೆಯ ಪ್ರಮಾಣ ಎಲ್ಲಿರಬೇಕು?

ಈ ವಿಷಯದಲ್ಲಿ ತಂತ್ರಜ್ಞರಿಗಿಂತ ಲೆಕ್ಕಿಗರ ಮಾತು ನಡೆಯಬೇಕು. ‘ಬದಲಾಗಬಹುದಾದದ್ದನ್ನು ಒಂದೇ ಕಡೆ ಇಡಬೇಕು’ ಎಂಬ ಸೂತ್ರವನ್ನು ಹಿಡಿದ ತಂತ್ರಜ್ಞನು ತೆರಿಗೆಯ ಪ್ರಮಾಣವನ್ನು ಸ್ಟೈಲ್‌ಶೀಟಿನಲ್ಲಿಯೇ ಬರೆದುಬಿಡುವ ಸಂಭವವುಂಟು. ದರಪಟ್ಟಿಯ ಮಟ್ಟಿಗೆ ಅದು ಸರಿಯೇ. ಒಂದು ಸಂಖ್ಯೆ ತಿದ್ದಿದರೆ ನೂರು ಸರಕುಗಳ ಬೆಲೆ ತಿದ್ದಿದಂತಾಗುತ್ತದೆ. ಆದರೆ ಬಿಲ್ಲಿಗೆ ಅದೇ ಕ್ರಮವನ್ನು ಅನುಸರಿಸಿದರೆ ಅನರ್ಥವಾಗುತ್ತದೆ.

ಮೇಲಿನ 118ನೆಯ ಬಿಲ್ಲನ್ನೇ ನೋಡಬಹುದು. ಆಗಸ್ಟ್ 10ರಂದು ತೆರಿಗೆ ಶೇ. 12, ರಾಜ್ಯದೊಳಗಿನ ಮಾರಾಟವಾದ್ದರಿಂದ ಕೇಂದ್ರದ ಪಾಲು ರೂ. 3,720, ರಾಜ್ಯದ ಪಾಲು ರೂ. 3,720, ಒಟ್ಟು ಬಿಲ್ಲು ರೂ. 69,440. ಪ್ರಮಾಣವು ಸ್ಟೈಲ್‌ಶೀಟಿನಲ್ಲಿದ್ದು, ಸೆಪ್ಟೆಂಬರ್ 22ರಂದು ಅದನ್ನು 5 ಎಂದು ತಿದ್ದಲಾಯಿತು ಎನ್ನೋಣ. ಮುಂದೆ ಲೆಕ್ಕಪರಿಶೋಧನೆಯ ಕಾಲಕ್ಕೆ ಅದೇ ಬಿಲ್ಲನ್ನು ಮತ್ತೆ ತೆರೆದರೆ ಪರದೆಯ ಮೇಲೆ ಮೂಡುವ ಮೊತ್ತ ರೂ. 65,100. ಗ್ರಾಹಕನ ಬಳಿ ಇರುವ ಪ್ರತಿಗೂ ಮಾರಾಟಗಾರನ ಪ್ರತಿಗೂ ರೂ. 4,340 ವ್ಯತ್ಯಾಸ. ದತ್ತಾಂಶದಲ್ಲಿ ಯಾರೂ ಒಂದಕ್ಷರವನ್ನೂ ತಿದ್ದಿಲ್ಲ. ಆದರೂ ಹಳೆಯ ಬಿಲ್ಲು ಸುಳ್ಳಾಗಿದೆ. ಗ್ರಾಹಕನು ಪಡೆದ ಹೂಡುವಳಿ ತೆರಿಗೆಯ ಜಮೆಗೂ ಈ ಪ್ರತಿಗೂ ತಾಳೆ ಬೀಳದು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಆರು ವರ್ಷಗಳಲ್ಲಿ ಪ್ರಮಾಣಗಳು ಎಷ್ಟು ಬಾರಿ ಬದಲಾಗುತ್ತವೆಯೋ ಅಷ್ಟೂ ಬಾರಿ ಹಳೆಯ ಬಿಲ್ಲುಗಳೆಲ್ಲ ಬಣ್ಣ ಬದಲಾಯಿಸುತ್ತವೆ.

ಆದ್ದರಿಂದ ವ್ಯವಹಾರ ನಡೆದ ದಿನದ ಸತ್ಯವೆಲ್ಲ, ಎಂದರೆ ದರ, ಪ್ರಮಾಣ, ಗ್ರಾಹಕನ ಅಂದಿನ ವಿಳಾಸ, ಬಿಲ್ಲಿನ ದತ್ತಾಂಶದಲ್ಲಿಯೇ ಇರತಕ್ಕದ್ದು. ಸ್ಟೈಲ್‌ಶೀಟಿನಲ್ಲಿ ಗೆರೆ, ಬಣ್ಣ, ಶಿರೋನಾಮೆ, ಸಂಸ್ಥೆಯ ಲಾಂಛನ ಇದ್ದರೆ ಸಾಕು. ಕೊಟ್ಟ ಬಿಲ್ಲಿನ ಪಿಡಿಎಫ್ ಪ್ರತಿಯನ್ನೂ ಬೇರೆಯಾಗಿ ಇಡುವುದು ಕ್ಷೇಮ.

ಸಂಖ್ಯೆಗಳ ಕಾಟ

ಎಕ್ಸ್‌ಎಂಎಲ್‌ಗೆ ಎಲ್ಲವೂ ಅಕ್ಷರವೇ. ಇದರಿಂದ ಹುಟ್ಟುವ ತೊಡಕುಗಳು ವ್ಯಾಪಾರಿಗೆ ಮೊದಮೊದಲು ವಿಚಿತ್ರವಾಗಿ ಕಾಣುತ್ತವೆ.

ಬಾಕಿದಾರರ ಪಟ್ಟಿಯನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಲು ‘ಸಾರ್ಟ್’ ಆಜ್ಞೆಯಿದೆ. ಸಂಖ್ಯೆಯೆಂದು ಸ್ಪಷ್ಟವಾಗಿ ಹೇಳದಿದ್ದರೆ ಮೊದಲ ಆವೃತ್ತಿಯು ನಿಘಂಟಿನ ಕ್ರಮವನ್ನೇ ಅನುಸರಿಸುತ್ತದೆ. 90000, 8500, 120000 ಎಂಬ ಬಾಕಿಗಳು ಇದೇ ಕ್ರಮದಲ್ಲಿ ಬಂದು, ಒಂದು ಲಕ್ಷ ಇಪ್ಪತ್ತು ಸಾವಿರ ಕೊಡಬೇಕಾದವನು ಪಟ್ಟಿಯ ತಳದಲ್ಲಿ ಹಾಯಾಗಿ ಕುಳಿತಿರುತ್ತಾನೆ. ಮೇಲಿನ ಹತ್ತು ಹೆಸರುಗಳಿಗಷ್ಟೇ ನೆನಪೋಲೆ ಕಳುಹಿಸುವ ಪದ್ಧತಿಯಿದ್ದರೆ ಅವನಿಗೆ ಓಲೆಯೇ ಹೋಗದು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಬೇಕೆನ್ನುವುದಕ್ಕೂ ಇದೇ ಕಾರಣ; ಹಾಗೆ ಬರೆದಾಗ ನಿಘಂಟಿನ ಕ್ರಮವೂ ಕಾಲಕ್ರಮವೂ ಒಂದೇ ಆಗುತ್ತವೆ.

ದತ್ತಾಂಶದಲ್ಲಿ ‘62,000’ ಎಂದು ಅಲ್ಪವಿರಾಮ ಹಾಕಿ ಬರೆದರೆ, ಅಥವಾ ದರದ ಮನೆಯನ್ನು ಖಾಲಿ ಬಿಟ್ಟರೆ, ಮೊದಲ ಆವೃತ್ತಿಯ ಲೆಕ್ಕದಲ್ಲಿ ಅದು ಸಂಖ್ಯೆಯೇ ಅಲ್ಲ. ಅಂಥ ಒಂದು ಸಾಲು ಸೇರಿದರೂ ಇಡೀ ತಿಂಗಳ ಮೊತ್ತದ ಜಾಗದಲ್ಲಿ ‘ಸಂಖ್ಯೆಯಲ್ಲ’ ಎಂಬರ್ಥದ ಮೂರು ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಅಲ್ಪವಿರಾಮವನ್ನು ಪುಟದಲ್ಲಿ ತೋರಿಸುವಾಗ ಸೇರಿಸಬೇಕು. ಅಲ್ಲಿಯೂ ಒಂದು ಕೊರತೆಯಿದೆ: ಮೊದಲ ಆವೃತ್ತಿಯ ಸಂಖ್ಯಾವಿನ್ಯಾಸವು ಮೂರು ಮೂರು ಅಂಕಿಗಳಿಗೆ ಗೆರೆ ಹಾಕುವ ಪಾಶ್ಚಾತ್ಯ ಕ್ರಮವನ್ನು ಮಾತ್ರ ಬಲ್ಲದು. ಲಕ್ಷ ಕೋಟಿಗಳ ಕ್ರಮವನ್ನು ವಿನ್ಯಾಸದಲ್ಲಿ ಬರೆದುಕೊಟ್ಟರೂ 1,23,45,678 ಎಂದಿರಬೇಕಾದದ್ದು 12,345,678 ಎಂದೇ ಬರುತ್ತದೆ. ಎರಡನೆಯ ಆವೃತ್ತಿಯಲ್ಲಿ ಗೆರೆಗಳನ್ನು ಬೇಕಾದ ಸ್ಥಾನದಲ್ಲಿ ಹಾಕಬಹುದು. ಮೊದಲ ಆವೃತ್ತಿಯವರು ಅಂಕಿಗಳನ್ನು ಕತ್ತರಿಸಿ ಜೋಡಿಸುವ ಸಣ್ಣ ಅಚ್ಚೊಂದನ್ನು ಬರೆದುಕೊಳ್ಳಬೇಕು.

ಮಾದರಿಯ ಬಿಲ್ಲಿನಲ್ಲಿ ನಗ ಮತ್ತು ದರ ಇರುವಾಗ ಮೊತ್ತವನ್ನು ಬೇರೆಯಾಗಿ ಏಕೆ ಬರೆಯಬೇಕು ಎಂದು ಕೆಲವರಿಗೆ ಅನಿಸಿರಬಹುದು. ಮೊದಲ ಆವೃತ್ತಿಯ ‘ಸಮ್’ ಎಂಬ ಕೂಡಿಕೆಯು ಕಡತದಲ್ಲಿ ಇರುವ ಸಂಖ್ಯೆಗಳನ್ನು ಕೂಡುತ್ತದೆ; ಸಾಲುಸಾಲಾಗಿ ಗುಣಿಸಿ ಕೂಡಲಾರದು.

ಟ್ಯಾಲಿಯ ಕಡತ ಮತ್ತು 50 ಪೈಸೆ

ರಾಜ್ಯದ ಸಣ್ಣ ವ್ಯಾಪಾರಿಗಳಲ್ಲಿ ಬಹಳ ಮಂದಿ ಬಳಸುವ, ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಟ್ಯಾಲಿ ತಂತ್ರಾಂಶವು ವರದಿಗಳನ್ನೂ ವೋಚರುಗಳನ್ನೂ ಎಕ್ಸ್‌ಎಂಎಲ್ ರೂಪದಲ್ಲಿ ಹೊರಕ್ಕೆ ಕೊಡುತ್ತದೆ; ಅದೇ ರೂಪದಲ್ಲಿ ಒಳಕ್ಕೂ ತೆಗೆದುಕೊಳ್ಳುತ್ತದೆ. ಹಾಗಾಗಿ ದತ್ತಾಂಶದ ಕಡತವನ್ನು ಹೊಸದಾಗಿ ಬೆರಳಚ್ಚಿಸುವ ಅಗತ್ಯವಿಲ್ಲ. ಆದರೆ ಆ ಕಡತವನ್ನು ಮೊದಲ ಸಲ ತೆರೆದ ಲೆಕ್ಕಿಗನು ಬೆಚ್ಚುವುದು ಸಹಜ, ಏಕೆಂದರೆ ಅದರಲ್ಲಿ ಖರ್ಚಿನ ಬದಿಯ, ಅಂದರೆ ಡೆಬಿಟ್ ಮೊತ್ತಗಳಿಗೆ ಋಣ ಚಿಹ್ನೆಯಿರುತ್ತದೆ, ಕ್ರೆಡಿಟ್ ಮೊತ್ತಗಳಿಗೆ ಇರುವುದಿಲ್ಲ. ಒಂದು ವೋಚರಿನ ಎಲ್ಲ ಮೊತ್ತಗಳನ್ನು ಕೂಡಿದರೆ ಸೊನ್ನೆ ಬರಬೇಕೆಂಬ ತರ್ಕ ಇದರ ಹಿಂದಿದೆ. ಸ್ಟೈಲ್‌ಶೀಟ್ ಬರೆಯುವವನಿಗೆ ಇದು ತಿಳಿಯದಿದ್ದರೆ ಗ್ರಾಹಕನಿಗೆ ಕಳುಹಿಸುವ ಖಾತೆಯ ಉತಾರೆಯಲ್ಲಿ ಬಾಕಿಯು ಮುಂಗಡವಾಗಿಯೂ ಮುಂಗಡವು ಬಾಕಿಯಾಗಿಯೂ ಕಾಣುತ್ತದೆ.

ಈ ಋಣ ಚಿಹ್ನೆಯಿಂದ ಇನ್ನೊಂದು ಸೂಕ್ಷ್ಮ ದೋಷವೂ ಒಳನುಸುಳುತ್ತದೆ. ತೆರಿಗೆ ಕಾಯಿದೆಯ 170ನೆಯ ಕಲಮಿನ ಪ್ರಕಾರ 50 ಪೈಸೆ ಅಥವಾ ಹೆಚ್ಚಿದ್ದರೆ ಮುಂದಿನ ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು. ಸ್ಟೈಲ್‌ಶೀಟಿನ ‘ರೌಂಡ್’ ಸಹ 1550.50 ಎಂಬುದನ್ನು 1551 ಎಂದೇ ಮಾಡುತ್ತದೆ. ಆದರೆ ಋಣ 1550.50 ಎಂದಿದ್ದರೆ ಅದು ಋಣ 1550 ಆಗುತ್ತದೆಯೇ ಹೊರತು ಋಣ 1551 ಆಗುವುದಿಲ್ಲ. ಸಮಾನ ದೂರದಲ್ಲಿದ್ದಾಗ ಮೇಲಿನ ಸಂಖ್ಯೆಯನ್ನು ಆರಿಸಬೇಕೆಂಬುದು ಅದರ ನಿಯಮ. ಒಂದೇ ವ್ಯವಹಾರದ ಎರಡು ಬದಿಗಳು ಒಂದು ರೂಪಾಯಿಯಿಂದ ಬೇರೆಯಾಗುತ್ತವೆ. ಸರಿಯಾಗಿ 50 ಪೈಸೆ ಇದ್ದಾಗಲಷ್ಟೇ ಸಂಭವಿಸುವುದರಿಂದ ಈ ದೋಷವು ಪರೀಕ್ಷೆಗೆಂದು ನೋಡಿದ ನಾಲ್ಕಾರು ಬಿಲ್ಲುಗಳಲ್ಲಿ ಸಿಕ್ಕುವುದೇ ಇಲ್ಲ. ಚಿಹ್ನೆಯನ್ನು ಮೊದಲು ತೆಗೆದು, ಪೂರ್ಣಾಂಕ ಮಾಡಿ, ಅನಂತರ ಮರಳಿ ಸೇರಿಸುವುದೇ ಪರಿಹಾರ.

ಪರಿವರ್ತನೆ ಎಲ್ಲಿ ನಡೆಯಬೇಕು?

2001ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರ ಕಾಲದಿಂದ ಈ ಕೆಲಸವನ್ನು ಬ್ರೌಸರಿಗೇ ವಹಿಸುವ ರೂಢಿಯೊಂದಿತ್ತು. ಎಕ್ಸ್‌ಎಂಎಲ್ ಕಡತದ ಮೇಲ್ಭಾಗದಲ್ಲಿ ಸ್ಟೈಲ್‌ಶೀಟಿನ ಹೆಸರನ್ನು ಬರೆದು ಎರಡನ್ನೂ ಜಾಲತಾಣದಲ್ಲಿಟ್ಟರೆ, ನೋಡುವವನ ಗಣಕದಲ್ಲಿಯೇ ಪುಟ ಸಿದ್ಧವಾಗುತ್ತಿತ್ತು. ಬ್ರೌಸರುಗಳು ಮೊದಲ ಆವೃತ್ತಿಯಿಂದ ಮುಂದಕ್ಕೆ ಹೋಗಲೇ ಇಲ್ಲ. ಭದ್ರತೆಯ ದೋಷಗಳು ಮತ್ತು ಕಡಿಮೆ ಬಳಕೆಯ ಕಾರಣ ನೀಡಿ, ಕ್ರೋಮ್ ಬ್ರೌಸರಿನಿಂದ ಈ ಸೌಲಭ್ಯವನ್ನು ತೆಗೆಯುವ ಯೋಜನೆಯನ್ನು ಗೂಗಲ್ 2025ರಲ್ಲಿ ಪ್ರಕಟಿಸಿತು. ಹೊಸದಾಗಿ ಆರಂಭಿಸುವವರು ಆ ದಾರಿ ಹಿಡಿಯಬಾರದು. ಹಿಂದೆ ಹಿಡಿದವರು ಈಗಲೇ ಬಿಡುವುದು ಲೇಸು.

ವ್ಯಾಪಾರಿಯ ದೃಷ್ಟಿಯಿಂದ ನೋಡಿದರೆ ಅದು ಮೊದಲಿನಿಂದಲೂ ಒಳ್ಳೆಯ ದಾರಿಯಾಗಿರಲಿಲ್ಲ. ಪುಟದಲ್ಲಿ ಕಾಣುವುದು ಸ್ಟೈಲ್‌ಶೀಟ್ ಆರಿಸಿದ ಭಾಗವಷ್ಟೇ ಆದರೂ, ನೋಡುಗನ ಗಣಕಕ್ಕೆ ತಲಪುವುದು ಇಡೀ ಎಕ್ಸ್‌ಎಂಎಲ್ ಕಡತ. ಸರಕಿನ ಖರೀದಿ ದರ, ಸಗಟು ವಿತರಕನಿಗೆ ಕೊಡುವ ರಿಯಾಯಿತಿ, ಕಚ್ಚಾ ಸಾಮಗ್ರಿ ಒದಗಿಸುವವನ ಹೆಸರು ಅದರಲ್ಲಿದ್ದರೆ, ಪುಟದ ಮೂಲವನ್ನು ತೆರೆದು ನೋಡಬಲ್ಲ ಯಾವ ಪ್ರತಿಸ್ಪರ್ಧಿಗೂ ಅವೆಲ್ಲ ಲಭ್ಯ. ಗಲ್ಲಾಪೆಟ್ಟಿಗೆಯನ್ನು ಪರದೆಯಿಂದ ಮುಚ್ಚಿ ಬೀದಿಯಲ್ಲಿಟ್ಟಂತೆ.

ಸ್ವಂತ ಗಣಕದಲ್ಲಿ ಪರಿವರ್ತಿಸಿದರೂ ಒಂದು ಕಿಂಡಿ ಉಳಿಯುತ್ತದೆ. ಯಾವುದೇ ಹೆಸರಿಗೆ ಅಚ್ಚು ಬರೆದಿಲ್ಲದಿದ್ದರೆ ಅದರ ಒಳಗಿನ ಅಕ್ಷರಗಳನ್ನು ಹಾಗೆಯೇ ಪುಟಕ್ಕೆ ಸುರಿಯಬೇಕೆಂಬುದು ಎಕ್ಸ್‌ಎಸ್‌ಎಲ್‌ಟಿಯ ಮೂಲ ನಿಯಮ. ಮೇಲೆ ತೋರಿಸಿದಂತೆ ಬೇಕಾದ ಹೆಸರುಗಳನ್ನು ಒಂದೊಂದಾಗಿ ಕರೆದರೆ ಅಪಾಯವಿಲ್ಲ. ಆದರೆ ‘ಒಳಗಿರುವುದಕ್ಕೆಲ್ಲ ಅಚ್ಚು ಹಚ್ಚು’ ಎಂದು ಸಾಮಾನ್ಯ ಆಜ್ಞೆ ಕೊಟ್ಟಿರುವ ಸ್ಟೈಲ್‌ಶೀಟ್ ಇದ್ದು, ಮುಂದೊಂದು ದಿನ ದತ್ತಾಂಶಕ್ಕೆ <ಖರೀದಿದರ> ಎಂಬ ಹೊಸ ಮನೆ ಸೇರಿದರೆ, ಆ ದರ ಮರುದಿನವೇ ಗ್ರಾಹಕನ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಗೋಪ್ಯ ಮನೆಗಳನ್ನು ಜಾಲತಾಣಕ್ಕೆ ಸಂಬಂಧಿಸಿದ ಕಡತದಿಂದ ಹೊರಗಿಡುವುದೇ ನಿಶ್ಚಿಂತೆ.

ಪರಿವರ್ತನೆಗೆ ಹಣ ತೆರಬೇಕಾದ ತಂತ್ರಾಂಶ ಬೇಕಿಲ್ಲ. ಮೊದಲ ಆವೃತ್ತಿಗೆ ‘ಎಕ್ಸ್‌ಎಸ್‌ಎಲ್‌ಟಿಪ್ರಾಕ್’, ಮುಂದಿನ ಆವೃತ್ತಿಗಳಿಗೆ ‘ಸ್ಯಾಕ್ಸನ್’ನ ಉಚಿತ ರೂಪ ಸಾಕು. ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಮಾನ್ಯ ಜಾಲಪುಟವು ಸಿದ್ಧವಾಗುತ್ತದೆ. ಅದನ್ನು ಮಾತ್ರ ಜಾಲತಾಣಕ್ಕೆ ಏರಿಸಬೇಕು.

ಸರ್ಕಾರಿ ವಿವರಪಟ್ಟಿಗಳ ಕ್ಷೇತ್ರದಲ್ಲಿ ಎಕ್ಸ್‌ಎಂಎಲ್‌ನ ಸ್ಥಾನ ಮೊದಲಿನಂತಿಲ್ಲ. ಆದಾಯ ತೆರಿಗೆಯ ವಿವರಪಟ್ಟಿಗಳು 2021-22ರ ನಿರ್ಧಾರಣ ವರ್ಷದಿಂದ ಜೇಸನ್ ರೂಪಕ್ಕೆ ತಿರುಗಿದವು. ಸರಕು ಮತ್ತು ಸೇವಾ ತೆರಿಗೆಯ ವಿದ್ಯುನ್ಮಾನ ಬಿಲ್ಲುಗಳೂ ಅದೇ ರೂಪದವು. ಆದರೆ ಕಂಪನಿಗಳು ಸಲ್ಲಿಸುವ ಎಕ್ಸ್‌ಬಿಆರ್‌ಎಲ್ ಆರ್ಥಿಕ ವಿವರಗಳು, ಆಧಾರ್‌ನ ಆಫ್‌ಲೈನ್ ಕೆವೈಸಿ ಕಡತ, ಇಂದಿನ ಎಕ್ಸೆಲ್ ಕಡತದ ಒಳರೂಪ ಇವೆಲ್ಲ ಎಕ್ಸ್‌ಎಂಎಲ್‌ನವೇ. ಎಕ್ಸ್‌ಎಸ್‌ಎಲ್‌ಟಿಯ ಮೂರನೆಯ ಆವೃತ್ತಿಯು ಜೇಸನ್ ಕಡತವನ್ನೂ ಓದಬಲ್ಲುದಾದ್ದರಿಂದ ಕಲಿತ ವಿದ್ಯೆ ವ್ಯರ್ಥವಾಗುವುದಿಲ್ಲ.

ಸ್ಟೈಲ್‌ಶೀಟ್ ಬರೆಯುವ ಕೆಲಸವನ್ನು ಹೊರಗಿನವರಿಗೆ ವಹಿಸುವವರು ಕರಾರಿನಲ್ಲಿ ಕೆಲವು ಅಂಶಗಳನ್ನು ಬರೆಸಿಕೊಳ್ಳಬೇಕು. ಸಿದ್ಧವಾದ ಪುಟಗಳ ಜೊತೆಗೆ ಸ್ಟೈಲ್‌ಶೀಟಿನ ಮೂಲ ಕಡತವೂ, ಪರಿವರ್ತನೆಯ ಆಜ್ಞೆಯೂ, ಯಾವ ಆವೃತ್ತಿಗೆ ಬರೆದದ್ದು ಎಂಬ ಟಿಪ್ಪಣಿಯೂ ಸಂಸ್ಥೆಯ ಕೈಸೇರಬೇಕು. ಕೊನೆಯ ಕಂತನ್ನು ಕೊಡುವ ಮೊದಲು, 50 ಪೈಸೆಯ ಒಂದು ಕ್ರೆಡಿಟ್ ನೋಟು, & ಚಿಹ್ನೆಯ ಹೆಸರುಳ್ಳ ಒಬ್ಬ ಗ್ರಾಹಕ, ಕೋಟಿ ಮೀರಿದ ಒಂದು ಮೊತ್ತ, 2025ರ ಸೆಪ್ಟೆಂಬರ್ 22ಕ್ಕಿಂತ ಹಿಂದಿನ ಒಂದು ಬಿಲ್ಲು ಇವಿಷ್ಟನ್ನು ಸಂಸ್ಥೆಯ ಲೆಕ್ಕಿಗನೇ ಎದುರಿಗೆ ಕುಳಿತು ಹಾಯಿಸಿ ನೋಡಬೇಕು.